ಲ್ಯಾಪ್‌ಟಾಪ್ ಪವರ್ ಬಟನ್ ಕೆಟ್ಟಾಗ: ಹುಬ್ಬಳ್ಳಿಯ ರಿಪೇರಿ ಟೇಬಲ್ಲಿಗೆ ಪದೇ ಪದೇ ಬರುವ ಪ್ರಶ್ನೆಗಳು

ಹುಬ್ಬಳ್ಳಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವುದು ನನ್ನ ಕೆಲಸ. ಧಾರವಾಡ, ಗದಗ, ಹಾವೇರಿ ಕಡೆಯಿಂದಲೂ ಜನ ಬರುತ್ತಾರೆ. "ಬಟನ್ ಒತ್ತಿದ್ರ ಏನೂ ಆಗವಲ್ದ್ರಿ" ಅಂತ ಹೇಳಿ ಬ್ಯಾಗಿನಿಂದ ತೆಗೆದು ಟೇಬಲ್ ಮೇಲಿಡುತ್ತಾರೆ. ಅವರಲ್ಲಿ ಎಷ್ಟೋ ಮಂದಿ ಬೇರೆ ಕಡೆ ತೋರಿಸಿ, "ಬೋರ್ಡ್ ಹೋಗೇತಿ" ಅನ್ನಿಸಿಕೊಂಡೇ ಬಂದಿರುತ್ತಾರೆ. ಬೋರ್ಡ್ ಅಂದರೆ ಲ್ಯಾಪ್‌ಟಾಪಿನ ಒಳಗಿನ ಮದರ್‌ಬೋರ್ಡ್. ಬಟನ್ ಮತ್ತು ಅದನ್ನು ಬೋರ್ಡಿಗೆ ಕೂಡಿಸುವ ಚಪ್ಪಟೆ ಪಟ್ಟಿ ಕೇಬಲ್ ನೋಡದೆ ಬೋರ್ಡಿನ ಮಾತು ಆಡಬಾರದು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ. ಮೊದಲು ಏನು ನೋಡಬೇಕು?

ಚಾರ್ಜರ್ ಹಾಕಿ, ಪಕ್ಕದಲ್ಲಿರುವ ಸಣ್ಣ ದೀಪ ನೋಡಿ. ದೀಪ ಹತ್ತಿದರೆ ಕರೆಂಟ್ ಒಳಗೆ ಬರುತ್ತಿದೆ ಅಂತ ಅರ್ಥ. ಹತ್ತದಿದ್ದರೆ ಸದ್ಯಕ್ಕೆ ಬಟನ್ ತಂಟೆಗೆ ಹೋಗಬೇಡಿ. ಪ್ಲಗ್, ಚಾರ್ಜರ್, ಅದರ ಪಿನ್, ಲ್ಯಾಪ್‌ಟಾಪಿನ ಜ್ಯಾಕ್ ಇವನ್ನು ಮೊದಲು ನೋಡಿ.

ಆಮೇಲೆ ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ನೋಡಿ. ಕೆಲವು ಸಲ ಇಷ್ಟಕ್ಕೇ ಏಳುತ್ತದೆ. ಬಟನ್ನೇ ಸತ್ತಿದ್ದರೆ ಇದರಿಂದ ಏನೂ ಆಗುವುದಿಲ್ಲ, ಆದರೆ ನಷ್ಟವೂ ಇಲ್ಲ.

ಫ್ಯಾನ್ ಸದ್ದು ಬರುತ್ತಿದೆ, ಕ್ಯಾಪ್ಸ್ ಲಾಕ್ ದೀಪ ಹತ್ತುತ್ತಿದೆ, ಸ್ಕ್ರೀನ್ ಮಾತ್ರ ಕಪ್ಪು. ಹೀಗಿದ್ದರೆ ನಿಮ್ಮ ಬಟನ್ ಚೆನ್ನಾಗಿಯೇ ಇದೆ. ತೊಂದರೆ ರ‍್ಯಾಮ್, ಸ್ಕ್ರೀನ್ ಅಥವಾ ಬೇರೆ ಕಡೆ ಇದೆ.

ಇಷ್ಟು ಸಣ್ಣ ಬಟನ್ ಇಡೀ ಲ್ಯಾಪ್‌ಟಾಪನ್ನು ಹೇಗೆ ನಡೆಸುತ್ತದೆ?

ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಿದ್ದೀರಲ್ಲ? ಹಸಿರು ಬಟನ್ ಒತ್ತಿದರೆ ಮೋಟರ್ ಎಳೆಯುವ ಕರೆಂಟೆಲ್ಲ ಆ ಬಟನ್ ಒಳಗೆ ಹರಿಯುವುದಿಲ್ಲ. ಬಟನ್ನು ಸ್ಟಾರ್ಟರ್ ಒಳಗಿನ ಕಾಯಿಲ್‌ಗೆ ಒಂದು ಸನ್ನೆ ಕೊಡುತ್ತದೆ, ಅಷ್ಟೆ. ಆ ಕಾಯಿಲ್ ದೊಡ್ಡ ಸಂಪರ್ಕವನ್ನು ಎಳೆದು ಕೂರಿಸುತ್ತದೆ.

ಲ್ಯಾಪ್‌ಟಾಪಿನಲ್ಲೂ ಹೀಗೇ. ಬೋರ್ಡಿನ ಮೇಲೆ ಎಂಬೆಡೆಡ್ ಕಂಟ್ರೋಲರ್ ಅನ್ನುವ ಚಿಪ್ ಇರುತ್ತದೆ. ನಾವು ಇಸಿ ಅಂತೀವಿ. ಚಾರ್ಜರ್ ಹಾಕಿದ್ದಾಗ ಲ್ಯಾಪ್‌ಟಾಪ್ ಆಫ್ ಇದ್ದರೂ ಇದು ಎಚ್ಚರ ಇರುತ್ತದೆ. ಬಟನ್‌ನ ಒಂದು ಎಳೆಯಲ್ಲಿ ಸಾಮಾನ್ಯವಾಗಿ 3.3 ವೋಲ್ಟ್ ನಿಂತಿರುತ್ತದೆ. ಇನ್ನೊಂದು ಎಳೆ ಗ್ರೌಂಡ್, ಅಂದರೆ ಸೊನ್ನೆ ವೋಲ್ಟ್. ನೀವು ಒತ್ತಿದಾಗ ಎರಡೂ ಕೂಡುತ್ತವೆ, 3.3 ವೋಲ್ಟ್ ಸೊನ್ನೆಗೆ ಇಳಿಯುತ್ತದೆ. ಅದನ್ನು ನೋಡಿ ಇಸಿ ಬೋರ್ಡಿನ ಒಂದೊಂದೇ ಭಾಗಕ್ಕೆ ಸಾಲಾಗಿ ಕರೆಂಟ್ ಬಿಡಿಸುತ್ತದೆ. ಬೆರಳು ತೆಗೆದರೆ ಬಟನ್ ತಾನೇ ಮೇಲೆ ಬರುತ್ತದೆ. 4 ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿದರೆ "ಬಲವಂತವಾಗಿ ಆಫ್ ಮಾಡು" ಅನ್ನುವ ಸನ್ನೆ ಹೋಗುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಇದಕ್ಕೆ 10–15 ಸೆಕೆಂಡ್ ಬೇಕು.

ಅಂದರೆ ಆನ್ ಆಗಲು ಬೇಕಾಗಿರುವುದು ಎರಡು ಎಳೆ ಒಂದು ಕ್ಷಣ ತಾಗುವುದು, ಅಷ್ಟೇ. ಇದು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಬೋರ್ಡ್ ಹೋಗಿದೆಯೋ, ಬಟನ್ ಹೋಗಿದೆಯೋ ಹೇಗೆ ಗೊತ್ತಾಗುತ್ತದೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು.

ಹೋದ ಮಳೆಗಾಲದಲ್ಲಿ ಧಾರವಾಡದ ಸಪ್ತಾಪುರದಿಂದ ಒಬ್ಬ ಹುಡುಗಿ ಚಿಗರಿ ಬಸ್ ಹಿಡಿದು ಬಂದಿದ್ದಳು. ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಳು. ನೋಟ್ಸ್ ಎಲ್ಲ ಲ್ಯಾಪ್‌ಟಾಪಿನಲ್ಲೇ ಇದ್ದವು. "ಅಣ್ಣಾರ, ಬೋರ್ಡ್ ಹಾಕಸ್ಬೇಕಂತ್ರಿ. ಅಪ್ಪಾರಿಗೆ ಹೆಂಗ ಹೇಳೂದ್ರಿ?" ಅಂದಳು. ಒಂದು ಅಂಗಡಿಯಲ್ಲಿ ಹಾಗೆ ಹೇಳಿ ಕಳಿಸಿದ್ದರು. ನಾನು ಕೇಳಿದ್ದು ಒಂದೇ: "ತಂಗಿ, ಇತ್ತೀಚೆಗೆ ಯಾರಾದ್ರೂ ಇದನ್ನ ಬಿಚ್ಚ್ಯಾರೇನು?" ಮೂರು ವಾರದ ಹಿಂದೆ ರ‍್ಯಾಮ್ ಹಾಕಿಸಿದ್ದಳಂತೆ.

ಬಿಚ್ಚಿದೆ. ಬಟನ್ನಿನಿಂದ ಬೋರ್ಡಿಗೆ ಬರುವ ಬಿಳಿ ಪಟ್ಟಿ ಓರೆಯಾಗಿ ಕೂತಿತ್ತು. ಒಂದು ಮೂಲೆ ಒಳಗೆ, ಇನ್ನೊಂದು ಮೂಲೆ ಹೊರಗೆ. ಲಾಕ್ ಪೂರ್ತಿ ಕೂತಿರಲಿಲ್ಲ. ಓರೆ ಇದ್ದರೂ ಅಷ್ಟು ದಿನ ತಾಗುತ್ತಿತ್ತು, ಬ್ಯಾಗಿನಲ್ಲಿ ಅಲುಗಾಡಿ ಬಿಟ್ಟುಕೊಂಡಿತ್ತು. ಪಟ್ಟಿ ತೆಗೆದು, ತುದಿ ಒರೆಸಿ, ನೆಟ್ಟಗೆ ಕೂರಿಸಿ ಲಾಕ್ ಒತ್ತಿದೆ. ಆನ್ ಆಯಿತು. ಅವಳು ಸ್ಕ್ರೀನ್ ಕಡೆ ಸರಿಯಾಗಿ ನೋಡಲೂ ಇಲ್ಲ, ಮೊದಲು ಅಪ್ಪನಿಗೆ ಫೋನ್ ಹಚ್ಚಿದಳು.

ಪರೀಕ್ಷೆ ಮಾಡುವ ರೀತಿ ಹೇಳುತ್ತೇನೆ. ಮಲ್ಟಿಮೀಟರ್ ಬೀಪ್ ಹೊಡೆಯುವ ಜಾಗಕ್ಕೆ ತಿರುಗಿಸಿ. ಪಟ್ಟಿಯನ್ನು ಬೋರ್ಡಿನಿಂದ ಬಿಡಿಸಿ. ಬಟನ್ನಿನ ಎರಡು ಕಾಲಿಗೆ ಮೊನೆ ಹಿಡಿಯಿರಿ. ಒತ್ತಿದಾಗ ಬೀಪ್, ಬಿಟ್ಟಾಗ ಸುಮ್ಮನೆ. ಹೀಗಿದ್ದರೆ ಬಟನ್ ಸರಿ. ನಾಲ್ಕು ಕಾಲಿನ ಸ್ವಿಚ್ಚಿನಲ್ಲಿ ಎರಡೆರಡು ಕಾಲು ಒಳಗೇ ಕೂಡಿರುತ್ತವೆ. ಆ ಜೋಡಿಗೆ ಹಿಡಿದರೆ ಯಾವಾಗಲೂ ಬೀಪ್ ಬರುತ್ತದೆ, ದಾರಿ ತಪ್ಪಿಸುತ್ತದೆ. ಓರೆಯಾಗಿ, ಎದುರು ಮೂಲೆಯ ಕಾಲುಗಳಿಗೆ ಹಿಡಿಯಿರಿ. ಆಮೇಲೆ ಇದೇ ಪರೀಕ್ಷೆಯನ್ನು ಪಟ್ಟಿಯ ಬೋರ್ಡ್ ಕಡೆಯ ತುದಿಯಲ್ಲಿ ಮಾಡಿ. ಬಟನ್ನಿನಲ್ಲಿ ಬೀಪ್ ಬಂದು ಪಟ್ಟಿಯ ತುದಿಯಲ್ಲಿ ಬರದಿದ್ದರೆ ಕಳ್ಳ ಸಿಕ್ಕ. ಪಟ್ಟಿ ಒಳಗೆ ತುಂಡಾಗಿದೆ.

ಬಟನ್ ಸರಿ, ಪಟ್ಟಿ ಸರಿ, ಪಟ್ಟಿ ನೆಟ್ಟಗೆ ಕೂತಿದೆ, ಚಾರ್ಜರ್ ಹಾಕಿದ್ದರೂ ಆ ಎಳೆಯಲ್ಲಿ ವೋಲ್ಟೇಜ್ ಇಲ್ಲ. ಹೀಗಾದಾಗ ಮಾತ್ರ ಬೋರ್ಡಿನ ಮಾತು.

ಬಟನ್ ಒಮ್ಮೊಮ್ಮೆ ಮಾತ್ರ ಕೆಲಸ ಮಾಡುತ್ತದೆ. ನಾಳೆಯೇ ರಿಪೇರಿಗೆ ಬರಲು ಆಗುವುದಿಲ್ಲ. ಏನು ಮಾಡಲಿ?

ಪೂರ್ತಿ ಸಾಯುವ ಮೊದಲೇ, ಇವತ್ತೇ, ಇದನ್ನು ಮಾಡಿಟ್ಟುಕೊಳ್ಳಿ. ಆನ್ ಆಗಿರುವಾಗ ವಿಂಡೋಸ್ ಸೆಟ್ಟಿಂಗ್ಸ್‌ಗೆ ಹೋಗಿ. ರಿಕವರಿ, ಅಲ್ಲಿಂದ ಅಡ್ವಾನ್ಸ್ಡ್ ಸ್ಟಾರ್ಟಪ್, ಆಮೇಲೆ ಬರುವ ಪುಟದಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅಲ್ಲಿಂದ ಯುಇಎಫ್ಐ ಫರ್ಮ್‌ವೇರ್ ಸೆಟ್ಟಿಂಗ್ಸ್. ಬಟನ್ ಮುಟ್ಟದೆಯೇ ಬಯೋಸ್, ಅಂದರೆ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ಸ್ ಪುಟ, ತೆರೆದುಕೊಳ್ಳುತ್ತದೆ. ಕೆಲವು ಡೆಲ್ ಮಾಡೆಲ್‌ಗಳಲ್ಲಿ ಚಾರ್ಜರ್ ಹಾಕಿದೊಡನೆ ಆನ್ ಆಗುವ, ಮುಚ್ಚಳ ತೆರೆದೊಡನೆ ಆನ್ ಆಗುವ ಆಯ್ಕೆ ಇರುತ್ತದೆ. ಕೆಲವು ಲೆನೊವೊಗಳಲ್ಲಿ ಮುಚ್ಚಳ ತೆರೆದೊಡನೆ ಆನ್ ಆಗುವ ಆಯ್ಕೆಗೆ ಫ್ಲಿಪ್ ಟು ಬೂಟ್ ಅಂತ ಹೆಸರು ಇರುತ್ತದೆ. ನಿಮ್ಮದರಲ್ಲಿ ಇದ್ದರೆ ಆನ್ ಮಾಡಿಡಿ.

ಇಲ್ಲದಿದ್ದರೆ ಶಟ್‌ಡೌನ್ ಮಾಡಬೇಡಿ. ಮುಚ್ಚಳ ಮುಚ್ಚಿದರೆ ಸ್ಲೀಪ್ ಆಗುವ ಹಾಗೆ ಇಟ್ಟು, ಚಾರ್ಜರ್ ಹಾಕಿಯೇ ಬಿಡಿ. ರೀಸ್ಟಾರ್ಟ್ ಮಾಡಬಹುದು, ಅದಕ್ಕೆ ಬಟನ್ ಬೇಕಿಲ್ಲ. ಸ್ಲೀಪಿನಲ್ಲಿ ಬ್ಯಾಟರಿ ಪೂರ್ತಿ ಇಳಿಯಲು ಮಾತ್ರ ಬಿಡಬೇಡಿ. ಇಳಿದು ಆಫ್ ಆದರೆ ಮತ್ತೆ ಬಟನ್ನೇ ಗತಿ.

ಆನ್ ಆಗುತ್ತದೆ, ಆದರೆ ಬಟನ್ ಒತ್ತಿದರೆ ಆಫ್ ಆಗುವುದಿಲ್ಲ.

ಬಟನ್ ಕೆಟ್ಟಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ "ಪವರ್ ಬಟನ್ ಒತ್ತಿದಾಗ ಏನೂ ಮಾಡಬೇಡ" ಅಂತ ಇದೆಯೇ ನೋಡಿ, ಬದಲಾಯಿಸಿ.

ನಾನೇ ಬಿಚ್ಚಬಹುದಾ?

ಕೈ ನಿಧಾನ ಇದ್ದರೆ ಬಿಚ್ಚಬಹುದು. ವಾರಂಟಿ ಇದ್ದರೆ ಮಾತ್ರ ಬೇಡ, ಕಂಪನಿಯ ಸರ್ವಿಸ್ ಸೆಂಟರಿಗೇ ಕೊಡಿ.

ಬೇಕಾಗುವುದು ಸಣ್ಣ ಪ್ಲಸ್ ಸ್ಕ್ರೂ ಡ್ರೈವರ್, ಹಳೆಯ ಎಟಿಎಂ ಕಾರ್ಡ್, ಚಿಮಟಿಗೆ ಮತ್ತು ಒಳ್ಳೆಯ ಬೆಳಕು. ಬಿಚ್ಚಿದ ಸ್ಕ್ರೂಗಳನ್ನು ಒಂದೇ ಬಟ್ಟಲಿಗೆ ಹಾಕಬೇಡಿ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಹಿಂಬದಿಯ ಚಿತ್ರ ಬರೆದು, ಎಲ್ಲಿಯದನ್ನು ಅಲ್ಲೇ ಟೇಪಿನಿಂದ ಅಂಟಿಸಿ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿದರೆ ಅದು ಕೀಬೋರ್ಡ್ ಕಡೆ ಉಬ್ಬಿ ಬರುತ್ತದೆ, ಇಲ್ಲವೇ ಬೋರ್ಡಿಗೆ ತೂತು ಹಾಕುತ್ತದೆ. ರಬ್ಬರ್ ಕಾಲಿನ ಕೆಳಗೆ ಸ್ಕ್ರೂ ಅಡಗಿರಬಹುದು. ಮುಚ್ಚಳ ಏಳದಿದ್ದರೆ ಬಲ ಹಾಕಬೇಡಿ, ಎಲ್ಲೋ ಒಂದು ಸ್ಕ್ರೂ ಉಳಿದಿದೆ ಅಂತಲೇ ಅರ್ಥ.

ಇನ್ನೊಂದು ಮಾತು. ಕೆಲವು ಮಾಡೆಲ್‌ಗಳಲ್ಲಿ ಮೇಲಿನ ಕವರ್ ಎತ್ತಬೇಕು. ಆ ಕವರಿಗೇ ಬಟನ್ನಿನ ಪಟ್ಟಿ, ಕೀಬೋರ್ಡಿನ ಪಟ್ಟಿ, ಟಚ್‌ಪ್ಯಾಡಿನ ಪಟ್ಟಿ ಅಂಟಿಕೊಂಡಿರುತ್ತವೆ. ಡಬ್ಬಿಯ ಮುಚ್ಚಳ ತೆಗೆದ ಹಾಗೆ ಒಮ್ಮೆಲೇ ಎತ್ತಿದರೆ ಪಟ್ಟಿ ಹರಿಯುತ್ತದೆ. ನನ್ನ ಟೇಬಲ್ಲಿಗೆ ಬರುವ ಹರಿದ ಪಟ್ಟಿಗಳಲ್ಲಿ ಹೆಚ್ಚಿನವು ಹೀಗೆ ಹರಿದವೇ. ಎರಡು ಬೆರಳಿನಷ್ಟು ಎತ್ತಿ, ಒಳಗೆ ಟಾರ್ಚ್ ಬಿಟ್ಟು ನೋಡಿ, ಪಟ್ಟಿಗಳನ್ನು ಬಿಡಿಸಿ, ಆಮೇಲೆ ಎತ್ತಿ.

ತೆರೆದ ಮೇಲೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಅದಕ್ಕೂ ಮೊದಲು ಏನನ್ನೂ ಮುಟ್ಟಬೇಡಿ. ಕೈಯಿಂದ ಚಿಮಟಿಗೆ ಜಾರಿ ಬಿದ್ದರೆ ಬಟನ್ ರಿಪೇರಿ ಹೋಗಿ ನಿಜವಾಗಿಯೂ ಬೋರ್ಡ್ ರಿಪೇರಿ ಆಗುತ್ತದೆ.

ಪಟ್ಟಿ ಕೇಬಲ್ ತೆಗೆದು ಹಾಕುವುದು ಹೇಗೆ? ಎಳೆದರೆ ಬರುತ್ತದಾ?

ಎಳೆಯಬೇಡಿ! ಮೊದಲು ಕನೆಕ್ಟರನ್ನು ಹತ್ತಿರದಿಂದ ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ಝೂಮ್ ಮಾಡಿ ಒಂದು ಫೋಟೊನೂ ತೆಗೆದಿಡಿ.

ಸಾಮಾನ್ಯವಾಗಿ ಮೂರು ಥರ ಇರುತ್ತವೆ. ಮೊದಲನೆಯದರಲ್ಲಿ ಕಪ್ಪು, ಕಂದು ಅಥವಾ ಬಿಳಿ ಬಣ್ಣದ ಸಣ್ಣ ರೆಪ್ಪೆಯಂಥ ಲಾಕ್. ಉಗುರಿನ ತುದಿಯಿಂದ ಮೇಲಕ್ಕೆ ಎಬ್ಬಿಸಿದರೆ ಕಣ್ಣು ತೆರೆದ ಹಾಗೆ ತೆರೆಯುತ್ತದೆ. ಎರಡನೆಯದರಲ್ಲಿ ಎರಡೂ ಬದಿಗೆ ಚಿಕ್ಕ ಕಿವಿ. ಎರಡನ್ನೂ ಸಮವಾಗಿ, ಕೂದಲೆಳೆಯಷ್ಟು ಹೊರಕ್ಕೆ ಸರಿಸಬೇಕು. ಒಂದು ಕಿವಿಯನ್ನೇ ಎಳೆದರೆ ಅದು ಮುರಿಯುತ್ತದೆ. ಕೆಲಸ ಕಲಿಯುವ ದಿನಗಳಲ್ಲಿ ನಾನೇ ಒಂದನ್ನು ಮುರಿದಿದ್ದೇನೆ, ಅವತ್ತಿನಿಂದ ಫೋಟೊ ತೆಗೆಯದೆ ಕೈ ಹಾಕುವುದಿಲ್ಲ. ಮೂರನೆಯದರಲ್ಲಿ ಲಾಕೇ ಇಲ್ಲ. ಪಟ್ಟಿಯ ತುದಿಗೆ ಅಂಟಿಸಿರುವ ಗಟ್ಟಿ ನೀಲಿ ಪಟ್ಟೆ ಹಿಡಿದು ನೇರವಾಗಿ ಹೊರಕ್ಕೆ ತೆಗೆಯಬೇಕು.

ಹಾಕುವಾಗ ಲಾಕ್ ಪೂರ್ತಿ ತೆರೆದಿರಲಿ. ಪಟ್ಟಿಯ ಮೇಲೆ ಅಡ್ಡ ಗೆರೆ ಇದ್ದರೆ ಅದು ಕನೆಕ್ಟರಿನ ಅಂಚಿಗೆ ಸಮವಾಗಿ ಬರಬೇಕು. ಚಿನ್ನದ ಅಥವಾ ಬೆಳ್ಳಿ ಬಣ್ಣದ ಎಳೆಗಳು ಎಡಕ್ಕೂ ಬಲಕ್ಕೂ ಒಂದೇ ಅಳತೆಗೆ ಒಳಗೆ ಹೋಗಿರಬೇಕು. ಆಮೇಲೆ ಲಾಕ್ ಒತ್ತಿ. ಕೊನೆಗೆ ಪಟ್ಟಿಯನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ. ಹೊರಗೆ ಬಂದರೆ ಕೂತಿಲ್ಲ, ಮತ್ತೆ ಹಾಕಿ.

ಪಟ್ಟಿ ಹರಿದಿದೆ. ಬೆಸುಗೆ ಹಾಕಿ ಕೂಡಿಸಬಹುದಾ?

ಬೇಡ. ಪಟ್ಟಿಯ ಪ್ಲಾಸ್ಟಿಕ್ ಸೋಲ್ಡರಿಂಗ್ ಐರನ್ನಿನ ಬಿಸಿಗೆ ಕರಗುತ್ತದೆ, ಎಳೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹೊಸ ಪಟ್ಟಿ ಹಾಕುವುದೇ ಸರಿ.

ಹೊಸದು ಕೊಳ್ಳುವಾಗ ನಾಲ್ಕು ವಿಷಯ ನೋಡಿ. ಎಷ್ಟು ಪಿನ್? 4, 6, 8 ಹೀಗೆ. ಪಿನ್ನಿಂದ ಪಿನ್ನಿಗೆ ಅಂತರ ಎಷ್ಟು? ಹೆಚ್ಚಾಗಿ 0.5 ಮಿಲಿಮೀಟರ್ ಇಲ್ಲವೇ 1 ಮಿಲಿಮೀಟರ್. ಉದ್ದ ಎಷ್ಟು? ಎರಡೂ ತುದಿಯ ಎಳೆಗಳು ಒಂದೇ ಮೈಗೆ ಕಾಣುತ್ತವೆಯೋ, ಎದುರು ಬದುರು ಮೈಗೋ? ಈ ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಅದು ತಪ್ಪಿದರೆ ಉಳಿದ ಮೂರು ಸರಿ ಇದ್ದರೂ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಹಳೆಯ ಪಟ್ಟಿಯನ್ನು ಎಸೆಯದೆ ಅಂಗಡಿಗೆ ತೆಗೆದುಕೊಂಡು ಹೋಗಿ.

ಆ ಅಳತೆಯ ಪಟ್ಟಿ ಎಲ್ಲೂ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಪಟ್ಟಿಯಲ್ಲಿ 6 ಎಳೆ ಇದ್ದರೂ ಬಟನ್ನಿಗೆ ಬೇಕಾದ್ದು ಎರಡೇ, ಉಳಿದವು ಸಾಮಾನ್ಯವಾಗಿ ದೀಪಕ್ಕೆ ಅಥವಾ ಮುಚ್ಚಳದ ಸೆನ್ಸರಿಗೆ. ಆ ಎರಡನ್ನು ಮೀಟರಿನಿಂದ ಗುರುತಿಸಿ, ತೆಳುವಾದ ಎನಾಮಲ್ ತಂತಿಯನ್ನು ಬಟನ್ನಿನಿಂದ ಬೋರ್ಡಿಗೆ ನೇರವಾಗಿ ಬೆಸೆಯಬಹುದು. ತಂತಿಯನ್ನು ಬಿಸಿ ತಡೆಯುವ ಕ್ಯಾಪ್ಟಾನ್ ಟೇಪಿನಿಂದ ಅಲ್ಲಲ್ಲಿ ಅಂಟಿಸಬೇಕು. ಮುಚ್ಚಳದ ಹಿಂಜಿನ ಹತ್ತಿರ, ಫ್ಯಾನಿನ ಹತ್ತಿರ ಹಾಯಿಸಬಾರದು. ಬೆಸುಗೆಯ ಅಭ್ಯಾಸ ಇಲ್ಲದವರು ಇದನ್ನು ಮಾಡಬೇಡಿ.

ಸ್ವಿಚ್ಚೇ ಸತ್ತಿದ್ದರೆ?

ಬಿಡಿ ಸ್ವಿಚ್ ಕೆಲವೇ ರೂಪಾಯಿ. ಕೂಲಿ ಕೊಡುವುದು ಕೈಗೆಲಸಕ್ಕೆ. ಇದನ್ನು ಟ್ಯಾಕ್ಟ್ ಸ್ವಿಚ್ ಅನ್ನುತ್ತಾರೆ. ಒಳಗೆ ಬಟ್ಟಲಿನ ಆಕಾರದ ಸಣ್ಣ ಲೋಹದ ತುಣುಕು ಇರುತ್ತದೆ. ಒತ್ತಿದಾಗ ಟಕ್ ಅಂತ ಬಗ್ಗುತ್ತದೆ, ಬಿಟ್ಟಾಗ ಮೇಲೆ ಬರುತ್ತದೆ. ವರ್ಷಗಟ್ಟಲೆ ಬಗ್ಗಿ ಬಗ್ಗಿ ಅದು ಸೋಲುತ್ತದೆ. ಆ ಟಕ್ ಅನ್ನುವ ಸದ್ದು ಹೋಗಿ ಮೆತ್ತಗಾಗಿದ್ದರೆ ಸ್ವಿಚ್ ಮುಗಿಯಿತು ಅಂತ ತಿಳಿಯಿರಿ.

ಬದಲಿಸುವಾಗ ಉದ್ದ, ಅಗಲದ ಜೊತೆಗೆ ಎತ್ತರವೂ ಸರಿಯಾಗಿರಬೇಕು. ಅರ್ಧ ಮಿಲಿಮೀಟರ್ ಎತ್ತರ ಹೆಚ್ಚಾದರೂ ಕವರ್ ಹಾಕಿದ ಮೇಲೆ ಬಟನ್ ಒತ್ತಿಕೊಂಡೇ ಇರುತ್ತದೆ. ಕಡಿಮೆಯಾದರೆ ಬೆರಳು ಮುಟ್ಟುವುದಿಲ್ಲ. 63/37 (63 ಪಾಲು ತವರ, 37 ಪಾಲು ಸೀಸ) ಬೆಸುಗೆ ತಂತಿ 183 ಡಿಗ್ರಿಗೆ ಕರಗುತ್ತದೆ. ಐರನ್ನನ್ನು 320ರಿಂದ 350 ಡಿಗ್ರಿಗೆ ಇಟ್ಟು, ಫ್ಲಕ್ಸ್ ಹಚ್ಚಿ, ಬೇಗ ಮುಟ್ಟಿ ಬೇಗ ಬಿಡಬೇಕು. ಹೊಸ ಸ್ವಿಚ್ಚಿಗೆ ಬಿಸಿಗಾಳಿ ಹಿಡಿದರೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಸ್ವಿಚ್ ಕೆಡಬಹುದು.

ಮೇಲಿನ ಪ್ಲಾಸ್ಟಿಕ್ ಮಾತ್ರ ಮುರಿದು ಒಳಗೆ ಬಿದ್ದಿದೆ.

ಇದು ಸುಲಭ. ಆ ತುಂಡು ಒಳಗೇ ಓಡಾಡಲು ಬಿಡಬೇಡಿ, ತೆಗೆಯಿಸಿ. ಮುರಿದ ಕಾಲನ್ನು ಫೆವಿಕ್ವಿಕ್‌ನಿಂದ ಅಂಟಿಸಬಹುದು, ಆದರೆ ಹೊರಗೆ ಅಂಟಿಸಿ, ಪೂರ್ತಿ ಒಣಗಿಸಿ, ಆಮೇಲೆ ಕೂರಿಸಿ. ಇದ್ದ ಜಾಗದಲ್ಲೇ ಒಂದು ಹನಿ ಬಿಟ್ಟರೆ ಅದು ಸ್ವಿಚ್ ಒಳಗೆ ಇಳಿದು ಅದನ್ನೂ ಅಂಟಿಸಿಬಿಡುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಪವರ್ ಬಟನ್ ಕೀಬೋರ್ಡಿನಲ್ಲೇ ಇದೆ.

ಈಗಿನ ಎಷ್ಟೋ ಮಾಡೆಲ್‌ಗಳಲ್ಲಿ ಹೀಗಿದೆ, ಡಿಲೀಟ್ ಕೀ ಪಕ್ಕದಲ್ಲೋ ಮೇಲಿನ ಮೂಲೆಯಲ್ಲೋ. ನನಗೆ ಈ ವಿನ್ಯಾಸ ಇಷ್ಟವಿಲ್ಲ. ಕೀಬೋರ್ಡ್ ಕೆಟ್ಟರೆ ಲ್ಯಾಪ್‌ಟಾಪ್ ಆನ್ ಆಗುವುದೂ ನಿಲ್ಲುತ್ತದೆ. ಬೇರೆ ಕೀಗಳೂ ಕೆಲಸ ಮಾಡದಿದ್ದರೆ ಕೀಬೋರ್ಡ್ ಬದಲಿಸಬೇಕು. ಕೆಲವದರಲ್ಲಿ ಕೀಬೋರ್ಡನ್ನು ಮೇಲಿನ ಕವರಿಗೆ ಹತ್ತಾರು ಪ್ಲಾಸ್ಟಿಕ್ ರಿವೆಟ್‌ಗಳಿಂದ ಕರಗಿಸಿ ಕೂರಿಸಿರುತ್ತಾರೆ. ಅಂಥ ಕಡೆ ಕವರ್ ಸಮೇತ ಬದಲಿಸುವುದೇ ಗಟ್ಟಿ ಕೆಲಸ.

ತಾನೇ ಆನ್ ಆಗುತ್ತದೆ, ಕೆಲವು ಸೆಕೆಂಡಿನಲ್ಲಿ ತಾನೇ ಆಫ್ ಆಗುತ್ತದೆ. ಇದೂ ಬಟನ್ ತೊಂದರೆಯಾ?

ಆಗಿರಬಹುದು. ಬಟನ್ ಕೆಳಗೇ ಸಿಕ್ಕಿಕೊಂಡಿದ್ದರೆ ಇಸಿಗೆ ಯಾರೋ ಒತ್ತಿ ಹಿಡಿದ ಹಾಗೇ ಕಾಣುತ್ತದೆ. ಮೊದಲು ಆನ್, ಆಮೇಲೆ ಬಲವಂತದ ಆಫ್. ಬಟನ್ನಿನ ಪಟ್ಟಿಯನ್ನು ಬಿಡಿಸಿಟ್ಟು ಚಾರ್ಜರ್ ಹಾಕಿ ನೋಡಿ. ಈ ಆಟ ನಿಂತರೆ ತಪ್ಪು ಬಟನ್ನಿನದೇ. ನಮ್ಮ ಕಡೆ ಧೂಳು ಜಾಸ್ತಿ ಅಲ್ವಾ? ಧೂಳು, ಕೈ ಬೆವರು ಎರಡೂ ಸೇರಿ ಬಟನ್ ಸುತ್ತಲಿನ ಸಂದಿಯಲ್ಲಿ ಮಣ್ಣಿನ ಹಾಗೆ ಗಟ್ಟಿಯಾಗುತ್ತದೆ. ಮೃದುವಾದ ಬ್ರಷ್, ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಸ್ಯಾನಿಟೈಸರ್ ಜೆಲ್, ತೆಂಗಿನೆಣ್ಣೆ, ಹೊಲಿಗೆ ಮಶಿನ್ ಎಣ್ಣೆ ಯಾವುದೂ ಬೇಡ.

ಬಟನ್ ಬದಿಯ ಅಂಚಿನಲ್ಲಿರುವ ಮಾಡೆಲ್ ಆದರೆ ಇನ್ನೊಂದು ಕಾರಣ ಇರುತ್ತದೆ. ಗದ್ದಲದ ಬಸ್ಸಿನಲ್ಲಿ ಬ್ಯಾಗ್ ಒತ್ತಿದಾಗ ಬಟನ್ ಕೂಡ ಒತ್ತಿಕೊಂಡು, ಬ್ಯಾಗಿನೊಳಗೇ ಆನ್ ಆಗಿ ಬಿಸಿಯಾಗುತ್ತದೆ. ಆ ಬದಿಯನ್ನು ಪುಸ್ತಕಕ್ಕೆ ತಾಗದ ಹಾಗೆ ಇಡಿ.

ಚಹಾ ಚೆಲ್ಲಿದ ಮೇಲೆ ಬಟನ್ ನಿಂತಿತು.

ಒತ್ತಿ ಒತ್ತಿ ಪರೀಕ್ಷೆ ಮಾಡಬೇಡಿ! ಚಾರ್ಜರ್ ಕಿತ್ತು, ಬೋರಲು ಹಾಕಿ, ಬೇಗ ಬಿಚ್ಚಿಸಿ ಬ್ಯಾಟರಿ ಬಿಡಿಸಿ. ಅಕ್ಕಿಯಲ್ಲಿ ಹೂತಿಡುವುದರಿಂದ ಲಾಭವಿಲ್ಲ. ಚಹಾದ ನೀರು ಆರಿದರೂ ಸಕ್ಕರೆ, ಹಾಲು ಉಳಿಯುತ್ತವೆ. ಅವು ಪಿನ್ನುಗಳ ಮೇಲೆ ಹಸಿರು, ಬಿಳಿ ತುಕ್ಕು ಹಿಡಿಸುತ್ತವೆ. ತೊಳೆದು ತೆಗೆಯಲೇಬೇಕು. ಸ್ವಿಚ್ ಒಳಗೆ ಚಹಾ ಇಳಿದಿದ್ದರೆ ತೊಳೆಯುವ ಬದಲು ಹೊಸದು ಹಾಕಿಸಿ.

ಹೊರಗೆ ಬೇರೆ ಬಟನ್ ಇಡಬಹುದಾ? ಮನೆಯ ಲೈಟಿನ ಸ್ವಿಚ್ ನಡೆಯುತ್ತದಾ?

ಲೈಟಿನ ಸ್ವಿಚ್ ನಡೆಯುವುದಿಲ್ಲ. ಅದು ಒತ್ತಿದಲ್ಲೇ ನಿಲ್ಲುತ್ತದೆ, ಲ್ಯಾಪ್‌ಟಾಪ್ ಆನ್ ಆಗಿ ಹಾಗೇ ಆಫ್ ಆಗುತ್ತದೆ. ಕಾಲಿಂಗ್ ಬೆಲ್ಲಿನ ಹಾಗೆ ಬಿಟ್ಟೊಡನೆ ಮೇಲೆ ಬರುವ ಸ್ವಿಚ್ ಬೇಕು. ಹಳೆಯ ಲ್ಯಾಪ್‌ಟಾಪಿನಲ್ಲಿ ಹೀಗೆ ಮಾಡಿದರೆ ತಪ್ಪೇನಿಲ್ಲ. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಲ್ಯಾಪ್‌ಟಾಪಿಗೆ ಪಾರ್ಟ್ ಎಲ್ಲೂ ಸಿಗಲಿಲ್ಲ, ಬದಿಯಲ್ಲಿ ಸಣ್ಣ ಬಟನ್ ಕೂರಿಸಿ ಕೊಟ್ಟೆ. ಅದರ ಮೇಲೆ ಅವರ ದಿನದ ಕೆಲಸ ನಡೆಯುತ್ತಿದೆ.

ಬೆರಳಚ್ಚು ಇರುವ ಪವರ್ ಬಟನ್ ಬದಲಿಸಿದರೆ?

ಬೆರಳಚ್ಚನ್ನು ಮತ್ತೆ ದಾಖಲಿಸಬೇಕಾಗಬಹುದು. ಪಿನ್ ಅಥವಾ ಪಾಸ್‌ವರ್ಡ್ ನೆನಪಿಟ್ಟುಕೊಂಡು ಬನ್ನಿ. ದಿನಾ ಬೆರಳಿಟ್ಟು ತೆರೆಯುವವರು ಅದನ್ನು ಮರೆತಿರುತ್ತಾರೆ.

ನನ್ನ ಫೋಟೊ, ಫೈಲ್ ಎಲ್ಲ ಹೋಗುತ್ತವಾ?

ಇಲ್ಲ. ಅವು ಇರುವುದು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ. ಬಟನ್ನಿಗೂ ಅದಕ್ಕೂ ಸಂಬಂಧವಿಲ್ಲ. ಬಟನ್ ರಿಪೇರಿಗೆ ವಿಂಡೋಸ್ ಹೊಸದಾಗಿ ಹಾಕಬೇಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಬ್ಯಾಟರಿ ಬಿಡಿಸಿದ್ದರಿಂದ ತಾರೀಖು, ಟೈಮ್ ತಪ್ಪಾಗಿರಬಹುದು, ಸರಿಮಾಡಿಕೊಳ್ಳಿ.

ಅಂಗಡಿಗೆ ಕೊಡುವಾಗ ಏನು ಕೇಳಬೇಕು?

"ಬೋರ್ಡ್ ಹೋಗಿದೆ" ಅಂದರೆ ಸಿಟ್ಟಾಗಬೇಡಿ, ಒಂದು ಮಾತು ಕೇಳಿ: "ಬಟನ್ ಪಟ್ಟಿ ತೆಗೆದು, ಬೋರ್ಡಿನ ಕಡೆ ಆ ಎರಡು ಪಿನ್ ತಾಗಿಸಿ ನೋಡಿದ್ರೇನ್ರಿ?" ಚಾರ್ಜರ್ ಹಾಕಿ ಆ ಎರಡು ಪಿನ್ನನ್ನು ಒಂದು ಕ್ಷಣ ಚಿಮಟಿಗೆಯಿಂದ ಕೂಡಿಸಿದರೆ ಒಳ್ಳೆಯ ಬೋರ್ಡ್ ಏಳುತ್ತದೆ. ಗೊತ್ತಿದ್ದವರು ನಿಮ್ಮ ಎದುರಿಗೇ ಮಾಡಿ ತೋರಿಸುತ್ತಾರೆ. ನೀವಾಗಿ ಮಾಡಲು ಹೋಗಬೇಡಿ, ಪಕ್ಕದ ಪಿನ್ ತಾಗಿದರೆ ಹಾನಿ ಆಗುತ್ತದೆ. ಬದಲಿಸಿದ ಹಳೆಯ ಬಟನ್, ಪಟ್ಟಿಗಳನ್ನು ವಾಪಸ್ ಕೇಳಿ ತೆಗೆದುಕೊಳ್ಳಿ. ಅವು ನಿಮ್ಮವು.

ನಮ್ಮದು ಹಾವೇರಿ ಕಡೆ ಹಳ್ಳಿ. ಲ್ಯಾಪ್‌ಟಾಪ್ ತರುವ ಮೊದಲೇ ಪಾರ್ಟ್ ತರಿಸಿಡಬಹುದಾ?

ತರಿಸಿಡಬಹುದು, ಎರಡು ಸಲ ಬಸ್ ಹತ್ತುವುದು ತಪ್ಪುತ್ತದೆ. "ಎಚ್‌ಪಿ 15 ಇಂಚಿಂದು" ಅಂದರೆ ಸಾಲದು, ಅದೇ ಹೆಸರಿನಲ್ಲಿ ಹತ್ತಾರು ಬೇರೆ ಬೇರೆ ಬಟನ್ ಬೋರ್ಡುಗಳಿವೆ. ಲ್ಯಾಪ್‌ಟಾಪ್ ಬೋರಲು ಹಾಕಿ, ಹಿಂಬದಿಯ ಸ್ಟಿಕ್ಕರ್ ಪೂರ್ತಿ ಕಾಣುವ ಹಾಗೆ ಹಗಲು ಬೆಳಕಿನಲ್ಲಿ ಫೋಟೊ ತೆಗೆದು ಕಳಿಸಿ. ಅಕ್ಷರ ಅಳಿಸಿದ್ದರೆ ಮೊಬೈಲನ್ನು ಸ್ವಲ್ಪ ಓರೆ ಹಿಡಿದು ಇನ್ನೊಂದು ತೆಗೆಯಿರಿ, ಅಚ್ಚಿನ ಗುರುತು ಕಾಣುತ್ತದೆ. ಮೊದಲು ಯಾರಾದರೂ ಬಿಚ್ಚಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಬರುವಾಗ ಚಾರ್ಜರ್ ಮರೆಯಬೇಡಿ.